ಸರ್ಕಾರಿ ಕಚೇರಿಯ ಒಳರಾಜಕೀಯ: ಹೊಸದಾಗಿ ಸೇರಿದ ನೌಕರರಿಗೆ ಸಮಗ್ರ ಮಾರ್ಗದರ್ಶಿ

ಪರೀಕ್ಷೆ ಬರೆದು, ಸಿಂಧುತ್ವ ಪ್ರಮಾಣಪತ್ರ ಮತ್ತು ಪೊಲೀಸ್ ಪರಿಶೀಲನೆ ಮುಗಿಸಿ, ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಅಥವಾ ಪ್ರಥಮ ದರ್ಜೆ ಸಹಾಯಕರಾಗಿ ಕೆಲಸಕ್ಕೆ ಹಾಜರಾಗುವವರಿಗೆ ಸೇವಾ ನಿಯಮಗಳನ್ನೂ ಪತ್ರವ್ಯವಹಾರದ ಪದ್ಧತಿಯನ್ನೂ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಒಂದೇ ಕಡತ ಒಬ್ಬರ ಮೇಜಿನಲ್ಲಿ ಎರಡು ದಿನಕ್ಕೆ ಮುಗಿದು ಇನ್ನೊಬ್ಬರ ಮೇಜಿನಲ್ಲಿ ಎರಡು ತಿಂಗಳು ಕೂರುವುದು ಏಕೆ, ಶಾಖೆ ಬದಲಾವಣೆಯ ಆದೇಶ ಬಂದ ಮರುದಿನವೇ ಅದು ರದ್ದಾಗುವುದು ಹೇಗೆ, ಅಧಿಕಾರಿಗಳ ಕೊಠಡಿಗೆ ಕೆಲವರಷ್ಟೇ ಕೇಳದೆ ಹೋಗಿಬರುವುದು ಯಾವ ಬಲದ ಮೇಲೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೊಸಬರು ಇದನ್ನು ಪೆಟ್ಟು ತಿಂದು ಕಲಿಯುತ್ತಾರೆ, ಮತ್ತು ಆ ಪೆಟ್ಟುಗಳಲ್ಲಿ ಕೆಲವು ಸೇವಾ ಪುಸ್ತಕದಲ್ಲಿ ನಿವೃತ್ತಿಯವರೆಗೂ ಉಳಿಯುತ್ತವೆ.

ಒಳರಾಜಕೀಯವನ್ನು ಒಳ್ಳೆಯವರು, ಕೆಟ್ಟವರು ಎಂಬ ಲೆಕ್ಕದಲ್ಲಿ ನೋಡುವವರಿಗೆ ಕಚೇರಿ ಅರ್ಥವಾಗುವುದು ಕಷ್ಟ. ಹಿತಾಸಕ್ತಿ ಅಂಟಿಕೊಂಡಿರುವುದು ಬಹುಮಟ್ಟಿಗೆ ಕುರ್ಚಿಗೆ. ಅಲ್ಲಿ ಕುಳಿತ ವ್ಯಕ್ತಿ ಬದಲಾದರೂ ಜಗಳ ಅದೇ ಜಾಗದಲ್ಲಿ ಮುಂದುವರಿಯುತ್ತದೆ. ಆದ್ದರಿಂದ ಯಾವ ಕುರ್ಚಿಗೆ ಏನು ಬೇಕು ಎಂಬುದನ್ನು ತಿಳಿದುಕೊಂಡು, ನಿಮ್ಮ ಸಹಿ ಬೀಳುವ ಪ್ರತಿ ಕಾಗದದಲ್ಲೂ ನಡೆದದ್ದನ್ನು ನಡೆದ ಹಾಗೆ ದಾಖಲಿಸುವುದೇ ಯಾವ ಗುಂಪಿಗೂ ಸೇರದ ನೌಕರನಿಗಿರುವ ಗಟ್ಟಿ ನೆಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದ ಎಲ್ಲ ಹೆಜ್ಜೆಗಳೂ ಅದನ್ನೇ ಆಧರಿಸಿವೆ.

ಮೊದಲ ಹೆಜ್ಜೆ: ಯಾರಿಗೆ ಏನು ಬೇಕು ಎಂಬುದನ್ನು ಗುರುತಿಸಿ

ಕೆಲಸಕ್ಕೆ ಸೇರಿದ ವಾರದಲ್ಲೇ ಮೂರು ಕಾಗದಗಳನ್ನು ಕೇಳಿ ಪಡೆದು ಓದಿ: ಕಚೇರಿಯ ಕಾರ್ಯ ಹಂಚಿಕೆ ಆದೇಶ, ನಿಮ್ಮ ವೃಂದದ ಇತ್ತೀಚಿನ ಜ್ಯೇಷ್ಠತಾ ಪಟ್ಟಿ, ಮತ್ತು ಯಾವ ಹಂತದ ಅಧಿಕಾರಿ ಎಷ್ಟು ಮೊತ್ತದವರೆಗೆ ಮಂಜೂರಾತಿ ನೀಡಬಹುದು ಎಂಬ ಆರ್ಥಿಕ ಅಧಿಕಾರ ಪ್ರತ್ಯಾಯೋಜನೆಯ ಆದೇಶ. ಕಾರ್ಯ ಹಂಚಿಕೆ ಆದೇಶದಲ್ಲಿ ಒಂದು ಹೆಸರಿದ್ದು ಕೆಲಸ ಮಾಡುತ್ತಿರುವವರು ಬೇರೆಯವರಾಗಿದ್ದರೆ, ಆ ಮೇಜಿನ ಸುತ್ತ ಯಾವುದೋ ಹಿತಾಸಕ್ತಿ ಇದೆ ಎಂದು ತಿಳಿಯಿರಿ. ಅಲ್ಲಿರುವವರು ತಪ್ಪಿತಸ್ಥರು ಎಂದು ಆಗಲೇ ತೀರ್ಮಾನಿಸಬೇಡಿ, ಏಕೆಂದರೆ ಸಿಬ್ಬಂದಿಯ ಕೊರತೆಯಿಂದಲೂ ಹೀಗಾಗಿರಬಹುದು, ಆದರೆ ಗಮನದಲ್ಲಿಟ್ಟುಕೊಳ್ಳಿ.

ಬಹುತೇಕ ಕಚೇರಿಗಳಲ್ಲಿ ಪೈಪೋಟಿ ನಡೆಯುವುದು ಕೆಲವೇ ಜಾಗಗಳಿಗೆ. ಖರೀದಿ ಮತ್ತು ಬಿಲ್ಲುಗಳನ್ನು ನೋಡುವ ಲೆಕ್ಕಪತ್ರ ಶಾಖೆಗೆ ಗುತ್ತಿಗೆದಾರರ ಸಂಪರ್ಕವಿರುತ್ತದೆ. ಸಿಬ್ಬಂದಿ ಶಾಖೆಯವರ ಕೈಯಲ್ಲಿ ಎಲ್ಲರ ರಜೆ, ವೇತನ ಬಡ್ತಿ, ವರ್ಗಾವಣೆಯ ಪ್ರಸ್ತಾವನೆಗಳು ಇರುವುದರಿಂದ ಉಳಿದ ಶಾಖೆಗಳು ಅವರನ್ನು ಎದುರು ಹಾಕಿಕೊಳ್ಳಲು ಹಿಂಜರಿಯುತ್ತವೆ. ಸಾರ್ವಜನಿಕರಿಗೆ ನೇರವಾಗಿ ಮಂಜೂರಾತಿ ಅಥವಾ ಪರವಾನಗಿ ನೀಡುವ ಸಂಕಲನಗಳಿಗೆ (ಒಬ್ಬ ನೌಕರರಿಗೆ ವಹಿಸಿದ ವಿಷಯಗಳ ಮೇಜುಗಳಿಗೆ) ಮಧ್ಯವರ್ತಿಗಳ ಓಡಾಟ ಹೆಚ್ಚು. ಟಪಾಲು ಶಾಖೆಯನ್ನು ಯಾರೂ ಬಯಸುವುದಿಲ್ಲ, ಆದರೆ ಯಾವ ಪತ್ರ ಯಾವ ದಿನ ಬಂತು ಎಂಬುದನ್ನು ನಿರ್ಧರಿಸುವ ದಾಖಲೆ ಅಲ್ಲೇ ಇರುತ್ತದೆ.

ಇದರ ಜೊತೆಗೆ ಮನುಷ್ಯರ ಗುಂಪುಗಳನ್ನೂ ಅರಿಯಬೇಕು. ನೇರ ನೇಮಕಾತಿಯಿಂದ ಬಂದವರು ಬಡ್ತಿಗೆ ಇರುವ ಹುದ್ದೆಗಳ ಸಂಖ್ಯೆಯನ್ನು ಎಣಿಸುತ್ತಿರುತ್ತಾರೆ; ಕೆಳಗಿನ ಹುದ್ದೆಯಿಂದ ಬಡ್ತಿ ಪಡೆದವರಿಗೆ ತಮ್ಮ ಅನುಭವಕ್ಕೆ ಬೆಲೆ ಸಿಗಲಿಲ್ಲವೆಂಬ ಕೊರಗಿರುತ್ತದೆ. ನಿಯೋಜನೆಯ ಮೇಲೆ ಬಂದವರು ಮಾತೃ ಇಲಾಖೆಗೆ ಮರಳದೆ ಇಲ್ಲೇ ಉಳಿಯಲು ಯತ್ನಿಸುವುದು ಸಾಮಾನ್ಯ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ನಿಯಮ 32ರ ಅಡಿಯಲ್ಲಿ ಮೇಲಿನ ಹುದ್ದೆಯ ಪ್ರಭಾರದಲ್ಲಿ ಇರುವವರಿಗೆ ಆ ಹುದ್ದೆ ಖಾಯಂ ಆಗಿ ಭರ್ತಿಯಾಗದಿರುವುದೇ ಅನುಕೂಲ. ಅವರ ಮುಂದೆ ಖಾಲಿ ಹುದ್ದೆ ತುಂಬುವ ಪ್ರಸ್ತಾವನೆ ಬಂದಾಗ ಅದು ನಿಧಾನವಾದರೆ ಆಶ್ಚರ್ಯಪಡಬೇಕಾಗಿಲ್ಲ.

ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್‌ಗಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಸಂಬಳ ಕಡಿಮೆ, ಭದ್ರತೆ ಇಲ್ಲ, ಏಜೆನ್ಸಿ ಬದಲಾದಾಗಲೆಲ್ಲ ಕೆಲಸ ಹೋಗುವ ಭಯ. ಆದರೂ ಹಲವು ಕಚೇರಿಗಳಲ್ಲಿ ವೇತನದ ಎಚ್‌ಆರ್‌ಎಂಎಸ್, ಪಾವತಿಯ ಖಜಾನೆ-2, ಕಡತಗಳ ಇ-ಆಫೀಸ್ ಈ ತಂತ್ರಾಂಶಗಳ ಒಳಹೊರಗನ್ನು ಬಲ್ಲವರು ಅವರೇ. ಅಧಿಕಾರಿಯ ಡಿಜಿಟಲ್ ಸಹಿಯ ಕೀ ಅವರ ಕಂಪ್ಯೂಟರಿಗೆ ಚುಚ್ಚಿದ ಹಾಗೇ ಇರುವ ಕಚೇರಿಗಳಿವೆ. ಅಂಥಲ್ಲಿ ತಪ್ಪು ಪಾವತಿಯೊಂದು ಆದರೆ ದುರ್ಬಲರಾದ ಅವರನ್ನು ಮೊದಲು ಹೊರಹಾಕುತ್ತಾರೆ, ನಂತರ ಲಾಗಿನ್ ಯಾರ ಹೆಸರಿನಲ್ಲಿದೆಯೋ ಅವರಿಗೆ ನೋಟಿಸ್ ಬರುತ್ತದೆ. ನಿಮ್ಮ ಲಾಗಿನ್ ಮತ್ತು ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ, ರಜೆಯ ದಿನವೂ ಕೊಡಬೇಡಿ. ಅದರಷ್ಟೇ ಮುಖ್ಯವಾಗಿ, ಆ ಆಪರೇಟರ್‌ಗಳನ್ನು ಗೌರವದಿಂದ ನಡೆಸಿಕೊಳ್ಳಿ, ಏಕೆಂದರೆ ಇಡೀ ಕಚೇರಿಯ ಕೆಲಸವನ್ನು ಹೊತ್ತವರನ್ನು ಹೆಸರು ಹಿಡಿದು ಗದರಿಸುವ ಪದ್ಧತಿ ನಮ್ಮ ಆಡಳಿತದ ಅತ್ಯಂತ ನಾಚಿಕೆಗೇಡಿನ ಅಭ್ಯಾಸಗಳಲ್ಲಿ ಒಂದು.

ಎರಡನೆಯ ಹೆಜ್ಜೆ: ಪ್ರಭಾರವನ್ನು ಕಾಗದದ ಮೇಲೆ ಪಡೆಯಿರಿ

ನಿಮಗೆ ಕೊಟ್ಟ ಮೇಜಿನ ಬೀರುವಿನಲ್ಲಿ ಏನಿದೆ ಎಂಬುದನ್ನು ಪಟ್ಟಿ ಮಾಡದೆ ಕೀಲಿಕೈ ತೆಗೆದುಕೊಳ್ಳಬೇಡಿ. ಹಿಂದಿನ ವಿಷಯ ನಿರ್ವಾಹಕರು (ಆ ಮೇಜಿನ ಕಡತಗಳನ್ನು ನೋಡುತ್ತಿದ್ದ ನೌಕರರು) ‘ಎಲ್ಲ ಇದೆ, ಆಮೇಲೆ ನೋಡಿಕೊಳ್ಳೋಣ’ ಎಂದು ಅವಸರದಿಂದ ಹೊರಟರೆ, ಸಿಕ್ಕ ಕಡತಗಳ ಸಂಖ್ಯೆ, ವಿಷಯ ಮತ್ತು ಕೊನೆಯ ಪುಟದ ಸಂಖ್ಯೆಯನ್ನು ಬರೆದು, ವಹಿಗಳಲ್ಲಿ ನಮೂದಾಗಿದ್ದರೂ ಸಿಗದ ಕಡತಗಳನ್ನು ಬೇರೆಯಾಗಿ ತೋರಿಸಿ, ಶಾಖೆಯ ಅಧೀಕ್ಷಕರಿಗೆ ಅದೇ ವಾರ ಟಿಪ್ಪಣಿ ಸಲ್ಲಿಸಿ. ಪುಟ ಸಂಖ್ಯೆ ಹಾಕದ ಕಡತಗಳಿಗೆ ನೀವೇ ಸಂಖ್ಯೆ ಹಾಕಿ. ಬಹುಕಾಲದಿಂದ ನಡೆದುಕೊಂಡು ಬಂದ ಜಗಳದಲ್ಲಿ ಒಂದು ಹಾಳೆ ಕಾಣೆಯಾಗಿದ್ದರೆ, ಅದು ನಿಮ್ಮ ಅವಧಿಗೆ ಮೊದಲೇ ಕಾಣೆಯಾಗಿತ್ತು ಎಂದು ತೋರಿಸಲು ಈ ಪಟ್ಟಿಯೊಂದೇ ನೆರವಾಗುತ್ತದೆ. ಹಿರಿಯ ಸಹೋದ್ಯೋಗಿಗೆ ಇದರಿಂದ ಬೇಸರವಾಗಬಹುದು. ‘ಸರ್, ನನಗೆ ಅನುಭವವಿಲ್ಲ, ನೆನಪಿಗೆ ಬರೆದುಕೊಳ್ಳುತ್ತಿದ್ದೇನೆ’ ಎಂದು ವಿನಯದಿಂದ ಹೇಳಿದರೆ ಬಹುತೇಕರು ಸಹಕರಿಸುತ್ತಾರೆ.

ಮೂರನೆಯ ಹೆಜ್ಜೆ: ಟಿಪ್ಪಣಿ ಹಾಳೆಯನ್ನು ಬರೆಯಲು ಕಲಿಯಿರಿ

ಈ ಮಾರ್ಗದರ್ಶಿಯ ಹೃದಯಭಾಗ ಇದು. ಕಚೇರಿಯೊಳಗಿನ ಎಲ್ಲ ಹಗ್ಗಜಗ್ಗಾಟವೂ ಕೊನೆಗೆ ಕಡತದ ಎಡಭಾಗದ ಟಿಪ್ಪಣಿ ಹಾಳೆಗೆ ಬಂದು ನಿಲ್ಲುತ್ತದೆ. ವಿಷಯ ನಿರ್ವಾಹಕರು ಪ್ರಾರಂಭಿಸಿದ ಟಿಪ್ಪಣಿಯ ಕೆಳಗೆ ಅಧೀಕ್ಷಕರು, ಅದರ ಕೆಳಗೆ ಶಾಖಾಧಿಕಾರಿ, ಕೊನೆಗೆ ನಿರ್ಧಾರ ಕೈಗೊಳ್ಳುವ ಅಧಿಕಾರಿ ಸಹಿ ಮಾಡುತ್ತಾರೆ. ಕಡತ ವಿವಾದವಾದಾಗ ಲೆಕ್ಕಪರಿಶೋಧಕರಾಗಲಿ ಲೋಕಾಯುಕ್ತ ಪೊಲೀಸರಾಗಲಿ ನೋಡುವುದು, ಪ್ರಸ್ತಾವನೆಯನ್ನು ಮೊದಲು ಮಂಡಿಸಿದವರು ಯಾರು ಮತ್ತು ನಿಯಮಗಳನ್ನು ಅವರು ಗಮನಕ್ಕೆ ತಂದಿದ್ದರೇ ಎಂಬುದನ್ನು. ಅತ್ಯಂತ ಕಿರಿಯ ನೌಕರನ ಟಿಪ್ಪಣಿಯೇ ಅತ್ಯಂತ ಹೆಚ್ಚು ಪರಿಶೀಲನೆಗೆ ಒಳಗಾಗುವುದು ಇದೇ ಕಾರಣಕ್ಕೆ.

ಟಿಪ್ಪಣಿಯಲ್ಲಿ ನಾಲ್ಕು ಸಂಗತಿಗಳು ಇದೇ ಕ್ರಮದಲ್ಲಿ ಇರಲಿ: ಪ್ರಸ್ತಾವನೆ ಎಲ್ಲಿಂದ ಬಂತು ಮತ್ತು ಅದರ ಪುಟ ಸಂಖ್ಯೆ; ಅನ್ವಯವಾಗುವ ಕಾಯ್ದೆ, ನಿಯಮ ಅಥವಾ ಸುತ್ತೋಲೆ; ಇದೇ ಬಗೆಯ ಪ್ರಕರಣದಲ್ಲಿ ಹಿಂದೆ ಕೈಗೊಂಡ ಕ್ರಮ; ಕೊನೆಗೆ ಆದೇಶಕ್ಕಾಗಿ ಕೋರಿಕೆ. ಯಾರ ಉದ್ದೇಶದ ಬಗ್ಗೆಯೂ ಒಂದು ಪದ ಬರೆಯಬೇಡಿ. ‘ದುರುದ್ದೇಶದಿಂದ’, ‘ಒತ್ತಡ ತಂದು’ ಎಂಬಂಥ ಮಾತುಗಳು ಟಿಪ್ಪಣಿಯನ್ನು ಜಗಳದ ಪತ್ರವಾಗಿಸುತ್ತವೆ, ಮತ್ತು ಎದುರಿನ ಗುಂಪಿಗೆ ನಿಮ್ಮ ಮೇಲೆ ದೂರು ನೀಡಲು ಆಧಾರ ಒದಗಿಸುತ್ತವೆ.

ಒಂದು ಉದಾಹರಣೆ ನೋಡೋಣ. ಕಚೇರಿಗೆ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಖರೀದಿಸಬೇಕಾಗಿದೆ. ಒಟ್ಟಾಗಿ ಲೆಕ್ಕ ಹಾಕಿದರೆ ಮೊತ್ತವು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆಯಬೇಕಾದ ಮಿತಿಯನ್ನು ದಾಟುತ್ತದೆ. ಪರಿಚಯದ ಸರಬರಾಜುದಾರರಿಗೆ ಕೆಲಸ ಕೊಡಿಸಬೇಕೆಂದಿರುವವರು, ಇದನ್ನು ಮೂರು ಸಣ್ಣ ಖರೀದಿಗಳಾಗಿ ಒಡೆದು ಮೂರು ದರಪಟ್ಟಿಗಳ ಮೇಲೆ ಮುಗಿಸೋಣ ಎನ್ನುತ್ತಾರೆ. ಕಚೇರಿಗಳಲ್ಲಿ ತುಂಡು ಗುತ್ತಿಗೆ ಎಂದು ಕರೆಯುವುದು ಇದನ್ನೇ. ನೀವು ಖರೀದಿ ಸಂಕಲನದಲ್ಲಿದ್ದರೆ ನಿಮ್ಮ ಟಿಪ್ಪಣಿಯ ಒಂದು ಕಂಡಿಕೆ (ಪ್ಯಾರಾ) ಹೀಗಿರಬಹುದು: ‘ಪುಟ 4, 6 ಮತ್ತು 9ರಲ್ಲಿನ ಮೂರೂ ಬೇಡಿಕೆಗಳು ಒಂದೇ ಆರ್ಥಿಕ ವರ್ಷಕ್ಕೆ, ಒಂದೇ ಲೆಕ್ಕ ಶೀರ್ಷಿಕೆಗೆ ಹಾಗೂ ಒಂದೇ ಸ್ವರೂಪದ ಸಾಮಗ್ರಿಗಳಿಗೆ ಸಂಬಂಧಿಸಿರುತ್ತವೆ. ಒಟ್ಟು ಅಂದಾಜು ಮೊತ್ತವನ್ನು ಪರಿಗಣಿಸಿದಲ್ಲಿ ಟೆಂಡರ್ ಆಹ್ವಾನಿಸುವುದು ಅಗತ್ಯವಾಗುವುದನ್ನು ಗಮನಕ್ಕೆ ತರುತ್ತಾ, ಸೂಕ್ತ ಆದೇಶಕ್ಕಾಗಿ ಕಡತವನ್ನು ಸಲ್ಲಿಸಿದೆ.’ ಇಷ್ಟೇ. ಇದರಲ್ಲಿ ಆರೋಪವಿಲ್ಲ, ನಿರಾಕರಣೆಯೂ ಇಲ್ಲ. ಇದಾದ ಮೇಲೂ ಮೇಲಧಿಕಾರಿ ಬೇರೆ ಆದೇಶ ಬರೆದರೆ ಅದು ಅವರ ಕೈಬರಹದಲ್ಲಿ, ಅವರ ಹೊಣೆಯಲ್ಲಿ ಇರುತ್ತದೆ. ಇಂಥ ಕಂಡಿಕೆ ಬರೆದ ಕಡತ ಅದೇ ರೂಪದಲ್ಲಿ ಮುಂದೆ ಹೋಗುವುದು ಅಪರೂಪ ಎಂಬುದನ್ನು ನಾನು ಕಂಡಿದ್ದೇನೆ. ಆ ವಾಕ್ಯದ ಕೆಳಗೆ ಸಹಿ ಮಾಡಲು ಎಲ್ಲರೂ ಹಿಂಜರಿಯುತ್ತಾರೆ.

ಟಿಪ್ಪಣಿಯನ್ನು ಬದಲಾಯಿಸಿ ಬರೆದು ತರಲು ಹೇಳಿದಾಗ ಹಳೆಯ ಹಾಳೆಯನ್ನು ಹರಿದು ಹಾಕಬೇಡಿ. ಹಿಂದಿನ ಟಿಪ್ಪಣಿ ಹಾಗೇ ಇರಲಿ, ಹೊಸ ಸಂಗತಿಗಳಿದ್ದರೆ ಮುಂದಿನ ಕಂಡಿಕೆಯಲ್ಲಿ ಬರೆಯಿರಿ. ಇ-ಆಫೀಸ್ ಬಂದ ಕಚೇರಿಗಳಲ್ಲಿ ಈ ಅಪಾಯ ಕಡಿಮೆಯಾಗಿದೆ, ಏಕೆಂದರೆ ಟಿಪ್ಪಣಿಯನ್ನು ಯಾರು ಯಾವ ದಿನ ಯಾವ ಗಂಟೆಗೆ ಕಳುಹಿಸಿದರು ಎಂಬುದು ತಂತ್ರಾಂಶದಲ್ಲೇ ಉಳಿಯುತ್ತದೆ. ಅಲ್ಲಿ ಒತ್ತಡ ಬರುವುದು ಕರಡು ಹಂತದಲ್ಲಿ, ಅಂದರೆ ಕಳುಹಿಸುವ ಮೊದಲೇ ಮೇಲಿನವರಿಗೆ ತೋರಿಸಬೇಕೆಂಬ ಒತ್ತಾಯದ ರೂಪದಲ್ಲಿ. ತೋರಿಸುವುದರಲ್ಲಿ ತಪ್ಪಿಲ್ಲ, ಆದರೆ ನಿಯಮವನ್ನು ಉಲ್ಲೇಖಿಸಿದ ಕಂಡಿಕೆಯನ್ನು ತೆಗೆಯಲು ಹೇಳಿದರೆ ಒಪ್ಪಬೇಡಿ.

ನಾಲ್ಕನೆಯ ಹೆಜ್ಜೆ: ಮೌಖಿಕ ಸೂಚನೆ ಮತ್ತು ‘ಚರ್ಚಿಸಿ’ ಎಂಬ ಷರಾ

ಅಧಿಕಾರಿಗಳು ಒಪ್ಪಲೂ ಇಷ್ಟವಿಲ್ಲದೆ ತಿರಸ್ಕರಿಸಲೂ ಇಷ್ಟವಿಲ್ಲದೆ ಇದ್ದಾಗ ಕಡತದ ಮೇಲೆ ‘ಚರ್ಚಿಸಿ’ ಎಂದು ಬರೆದು ಹಿಂದಿರುಗಿಸುತ್ತಾರೆ. ನಿಜವಾದ ಸಂದೇಹ ಪರಿಹಾರಕ್ಕೂ ಹೀಗೆ ಬರೆಯುವುದುಂಟು, ಆದ್ದರಿಂದ ಅನುಮಾನದಿಂದ ನೋಡಬೇಕಿಲ್ಲ. ಹೋಗಿ ಚರ್ಚಿಸಿ, ಅದೇ ದಿನ ಟಿಪ್ಪಣಿ ಹಾಳೆಯಲ್ಲಿ ‘ಮೇಲಿನ ಕಂಡಿಕೆಯ ಷರಾದಂತೆ ಈ ದಿನ ಚರ್ಚಿಸಲಾಯಿತು. ಚರ್ಚೆಯ ಸಂದರ್ಭದಲ್ಲಿ ಸೂಚಿಸಿದಂತೆ’ ಎಂದು ಪ್ರಾರಂಭಿಸಿ, ಸೂಚಿಸಿದ್ದನ್ನು ಬರೆದು, ಅನುಮೋದನೆಗಾಗಿ ಮರುಸಲ್ಲಿಸಿ. ಚರ್ಚೆಯಲ್ಲಿ ಹೇಳಿದ್ದು ನಿಯಮಬದ್ಧವಾಗಿದ್ದರೆ ಅವರು ನಿರಾಳವಾಗಿ ಸಹಿ ಮಾಡುತ್ತಾರೆ; ಇಲ್ಲವಾದರೆ ಕಡತ ಮತ್ತೆ ಬರುತ್ತದೆ, ಮತ್ತು ಆ ಎರಡು ದಿನಾಂಕಗಳ ನಡುವಿನ ವಿಳಂಬ ಯಾರದು ಎಂಬುದು ಹಾಳೆಯಲ್ಲೇ ಕಾಣುತ್ತದೆ.

ದೂರವಾಣಿಯಲ್ಲಿ ಬಂದ ಸೂಚನೆಗೂ ಇದೇ ಪದ್ಧತಿ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ನೀಡಿದ ತೀರ್ಪಿನಲ್ಲಿ, ಸರ್ಕಾರಿ ಅಧಿಕಾರಿಗಳು ಮೌಖಿಕ ಸೂಚನೆಗಳ ಆಧಾರದ ಮೇಲೆ ಕೆಲಸ ಮಾಡಬಾರದೆಂದೂ ಅಂಥ ಸೂಚನೆಗಳನ್ನು ಲಿಖಿತವಾಗಿ ದಾಖಲಿಸಬೇಕೆಂದೂ ಸ್ಪಷ್ಟವಾಗಿ ಹೇಳಿದೆ. ದಾಖಲೆಯೇ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಉದ್ದೇಶವೂ ವಿಫಲವಾಗುತ್ತದೆ ಎಂಬುದು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಒಂದು. ಈ ತೀರ್ಪನ್ನು ಅಧಿಕಾರಿಯ ಮುಖಕ್ಕೆ ಹಿಡಿಯುವ ಅಗತ್ಯವಿಲ್ಲ. ‘ಸರ್, ತಾವು ಫೋನಿನಲ್ಲಿ ಸೂಚಿಸಿದ್ದನ್ನು ಟಿಪ್ಪಣಿಯಲ್ಲಿ ತಂದಿದ್ದೇನೆ, ಒಮ್ಮೆ ನೋಡಿ’ ಎಂಬ ಮಾತು ಸಾಕು.

ಜನಪ್ರತಿನಿಧಿಗಳ ಕಚೇರಿಯಿಂದ ಬರುವ ಶಿಫಾರಸು ಪತ್ರಗಳನ್ನು ಇದೇ ರೀತಿ ನಿರ್ವಹಿಸಿ. ಪತ್ರವನ್ನು ಟಪಾಲಿನಲ್ಲಿ ನೋಂದಾಯಿಸಿ, ಪುಟ ಸಂಖ್ಯೆ ಹಾಕಿ, ಕಡತಕ್ಕೆ ಸೇರಿಸಿ, ಅದರಲ್ಲಿನ ಕೋರಿಕೆ ನಿಯಮಕ್ಕೆ ಹೊಂದುತ್ತದೆಯೇ ಎಂಬುದನ್ನು ಬರೆಯಿರಿ. ಪತ್ರವನ್ನು ಕಡತದ ಹೊರಗಿಟ್ಟು ಅದರಂತೆ ನಡೆಯುವುದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಆಗ ನಿರ್ಧಾರ ನಿಮ್ಮ ಸ್ವಂತ ಇಚ್ಛೆಯಿಂದ ಬಂದಂತೆ ಕಾಣುತ್ತದೆ.

ಐದನೆಯ ಹೆಜ್ಜೆ: ವಿಳಂಬವನ್ನು ಅಸ್ತ್ರವಾಗಲು ಬಿಡಬೇಡಿ

ಕಚೇರಿಯಲ್ಲಿ ಒಬ್ಬರ ಮೇಲೊಬ್ಬರು ಪ್ರಯೋಗಿಸುವ ಅಸ್ತ್ರಗಳಲ್ಲಿ ಅತ್ಯಂತ ಸುಲಭವಾದದ್ದು ಕಡತವನ್ನು ಇಟ್ಟುಕೊಳ್ಳುವುದು. ಪಕ್ಕದ ಶಾಖೆಯವರ ಮೇಲಿನ ಸಿಟ್ಟಿಗೆ ಅವರ ಕಡತಕ್ಕೆ ಅಭಿಪ್ರಾಯ ಕೊಡದೆ ಕೂರುವವರಿದ್ದಾರೆ. ಇದರ ಬೆಲೆ ತೆರುವವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಅರ್ಜಿದಾರರು. ಒಂದು ದಿನದ ಕೂಲಿ ಬಿಟ್ಟು ಹಳ್ಳಿಯಿಂದ ಬಂದವರಿಗೆ ನಮ್ಮ ಮನಸ್ತಾಪಗಳ ಸುಳಿವೂ ಇರುವುದಿಲ್ಲ. 2011ರ ಸಕಾಲ ಕಾಯ್ದೆಯ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಲು ಅರ್ಜಿದಾರರಿಗೆ ಹಕ್ಕಿದೆ. ಮೊತ್ತ ಚಿಕ್ಕದು, ಆದರೆ ವಿಳಂಬ ಮಾಡಿದವರು ಯಾರು ಎಂಬುದು ಅಲ್ಲಿ ಹೆಸರಿನ ಸಮೇತ ನಿರ್ಧಾರವಾಗುತ್ತದೆ.

ನಿಮ್ಮಿಂದ ಬೇರೆ ಶಾಖೆಗೆ ಹೋದ ಪ್ರತಿ ಕಡತದ ದಿನಾಂಕವನ್ನು ಒಂದು ವಹಿಯಲ್ಲಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ, ಬಾಕಿ ಇರುವವುಗಳ ಪಟ್ಟಿಯನ್ನು ಯಾರನ್ನೂ ದೂರದೆ ಅಧೀಕ್ಷಕರ ಮುಂದಿಡಿ. ಎದುರಿನವರು ನಿಮ್ಮ ಕಡತವನ್ನು ತಡೆಹಿಡಿದರೂ ನೀವು ಅವರದನ್ನು ತಡೆಯಬೇಡಿ. ಇದು ನೀತಿಯ ಮಾತಾಗಿರುವಷ್ಟೇ ವ್ಯವಹಾರದ ಮಾತೂ ಹೌದು: ಬಾಕಿ ಪಟ್ಟಿಯಲ್ಲಿ ನಿಮ್ಮ ಹೆಸರು ಕಾಣದಿರುವವರೆಗೆ ನಿಮ್ಮ ಮೇಲೆ ಹೇಳುವ ಚಾಡಿಗೆ ಆಧಾರ ಸಿಗುವುದಿಲ್ಲ.

ಆರನೆಯ ಹೆಜ್ಜೆ: ಗುಂಪು, ಜಾತಿ ಮತ್ತು ಸಂಘ

ಹೊಸಬರು ಬಂದ ದಿನವೇ ಊರು, ಮನೆತನದ ಹೆಸರು, ಕೊನೆಗೆ ಜಾತಿ ಯಾವುದೆಂದು ಸುತ್ತಿ ಬಳಸಿ ಕೇಳುತ್ತಾರೆ. ಮಧ್ಯಾಹ್ನ ಊಟದ ಡಬ್ಬಿ ಯಾರ ಜೊತೆ ಬಿಚ್ಚುತ್ತೀರಿ ಎಂಬುದರ ಮೇಲೆ ನಿಮ್ಮನ್ನು ಒಂದು ಗುಂಪಿಗೆ ಸೇರಿಸಿಬಿಡುವುದೂ ಉಂಟು. ಇದನ್ನು ಕಂಡು ಎಲ್ಲರಿಂದ ದೂರವಿದ್ದು ಒಂಟಿಯಾಗಬೇಡಿ; ಒಂಟಿ ನೌಕರರ ಮೇಲೆ ಕೆಲಸವನ್ನೂ ತಪ್ಪನ್ನೂ ಹೊರಿಸುವುದು ಸುಲಭ. ಬೇರೆ ಬೇರೆ ಶಾಖೆಯವರೊಂದಿಗೆ ಕುಳಿತು ಉಣ್ಣಿ, ಜವಾನರಿಂದ ಹಿಡಿದು ಎಲ್ಲರ ಮನೆಯ ಶುಭಾಶುಭಗಳಿಗೆ ಹೋಗಿ, ಆದರೆ ಒಬ್ಬರು ಇನ್ನೊಬ್ಬರ ಬಗ್ಗೆ ಆಡಿದ ಮಾತನ್ನು ಮೂರನೆಯವರಿಗೆ ದಾಟಿಸಬೇಡಿ. ಅಧಿಕಾರಿಗಳು ‘ಅವರು ಹೇಗೆ?’ ಎಂದು ಕೇಳಿದರೆ ಕಡತಕ್ಕೆ ಸಂಬಂಧಿಸಿದ್ದನ್ನಷ್ಟೇ ಹೇಳಿ.

ನೌಕರರ ಸಂಘದ ಸದಸ್ಯತ್ವ ಪಡೆಯುವುದು ಒಳ್ಳೆಯದು. ವೇತನ, ಪಿಂಚಣಿ, ಆರೋಗ್ಯ ಯೋಜನೆಗಳ ವಿಚಾರದಲ್ಲಿ ಸಂಘಟಿತ ಧ್ವನಿಯಿಂದ ಪ್ರಯೋಜನವಾಗಿರುವುದು ನಿಜ. ಆದರೆ ಸಂಘದ ಚುನಾವಣೆ ಬಂದಾಗ ಕಚೇರಿ ಎರಡು ಬಣವಾಗುತ್ತದೆ, ಮತ್ತು ಗೆದ್ದವರ ಬಣಕ್ಕೆ ಆಯಕಟ್ಟಿನ ಜಾಗ ಸಿಗುತ್ತದೆಂಬ ನಿರೀಕ್ಷೆ ಹುಟ್ಟುತ್ತದೆ. ಪ್ರೊಬೇಷನ್ ಅವಧಿಯಲ್ಲಿರುವವರು ಮತ ಹಾಕಿ ಬಂದು ಸುಮ್ಮನಿರುವುದೇ ಕ್ಷೇಮ. ಸೇವಾ ವಿಷಯದಲ್ಲಿ ರಾಜಕೀಯ ಪ್ರಭಾವ ತರುವುದನ್ನು ನಡತೆ ನಿಯಮಗಳು ನಿಷೇಧಿಸುತ್ತವೆ ಎಂಬುದನ್ನೂ ನೆನಪಿಡಿ. 1966ರ ನಿಯಮಗಳ ಬದಲಿಗೆ 2021ರಲ್ಲಿ ಬಂದ ಹೊಸ ನಡತೆ ನಿಯಮಗಳನ್ನು ಒಮ್ಮೆ ಪೂರ್ತಿಯಾಗಿ ಓದುವುದು ನಿಮ್ಮ ಮೊದಲ ತಿಂಗಳ ಕೆಲಸವಾಗಲಿ.

ಏಳನೆಯ ಹೆಜ್ಜೆ: ನಿಮ್ಮ ಸ್ವಂತ ಸೇವಾ ದಾಖಲೆಯನ್ನು ಕಾಯ್ದುಕೊಳ್ಳಿ

ಪ್ರೊಬೇಷನ್ ತೃಪ್ತಿಕರವಾಗಿ ಮುಗಿದಿದೆಯೆಂದು ಘೋಷಿಸುವ ಆದೇಶ ತಾನಾಗಿಯೇ ಬರುತ್ತದೆಂದು ಕಾಯಬೇಡಿ. ಇಲಾಖಾ ಪರೀಕ್ಷೆಗಳನ್ನು ಮೊದಲ ಅವಕಾಶದಲ್ಲೇ ತೇರ್ಗಡೆ ಮಾಡಿಕೊಳ್ಳಿ, ಅವಧಿ ಮುಗಿದ ಕೂಡಲೇ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಘೋಷಣೆಯನ್ನು ತಡಮಾಡುವುದರಿಂದ ಕಿರಿಯ ನೌಕರರನ್ನು ಹಿಡಿತದಲ್ಲಿಟ್ಟುಕೊಳ್ಳಬಹುದು ಎಂಬುದು ಕೆಲವರಿಗೆ ಗೊತ್ತಿದೆ.

ವಾರ್ಷಿಕ ಕಾರ್ಯನಿರ್ವಹಣಾ ವರದಿಗೆ ನೀವು ಕೊಡುವ ಸ್ವಯಂ ಮೌಲ್ಯಮಾಪನದಲ್ಲಿ ‘ವಹಿಸಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿರುತ್ತೇನೆ’ ಎಂಬ ಒಂದು ಸಾಲಿನಿಂದ ಏನೂ ಆಗದು. ಎಷ್ಟು ಕಡತ ಸ್ವೀಕರಿಸಿದಿರಿ, ಎಷ್ಟು ವಿಲೇವಾರಿ ಮಾಡಿದಿರಿ, ಎಷ್ಟು ಲೆಕ್ಕಪರಿಶೋಧನಾ ಕಂಡಿಕೆಗಳಿಗೆ ಉತ್ತರ ಕಳುಹಿಸಿದಿರಿ ಎಂಬ ಅಂಕಿಗಳನ್ನು ಬರೆಯಿರಿ. ದೇವ್ ದತ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಪ್ರತಿಕೂಲ ಷರಾ ಮಾತ್ರವಲ್ಲ, ವರದಿಯಲ್ಲಿನ ಪ್ರತಿಯೊಂದು ಶ್ರೇಣಿಯನ್ನೂ ನೌಕರನಿಗೆ ತಿಳಿಸಬೇಕೆಂದು ಹೇಳಿದೆ. ವೈಮನಸ್ಯದಿಂದ ಕಡಿಮೆ ಶ್ರೇಣಿ ನೀಡಲಾಗಿದೆ ಎನಿಸಿದರೆ, ನಿಗದಿತ ಅವಧಿಯೊಳಗೆ ಅಂಕಿಗಳ ಸಮೇತ ಮನವಿ ಸಲ್ಲಿಸಿ.

ಜ್ಯೇಷ್ಠತಾ ಪಟ್ಟಿಯ ವಿಚಾರದಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಕರ್ನಾಟಕದ ಕಚೇರಿಗಳಲ್ಲಿ ಆಪ್ತ ಸ್ನೇಹಿತರನ್ನೂ ಎದುರಾಳಿಗಳಾಗಿಸಿದ ಕಾಗದ ಇದು. 1957ರ ಜ್ಯೇಷ್ಠತಾ ನಿಯಮಗಳಡಿ ತಯಾರಾಗುವ ಈ ಪಟ್ಟಿಯಲ್ಲಿ, ಮೀಸಲಾತಿಯಡಿ ಬಡ್ತಿ ಪಡೆದವರಿಗೆ ತತ್ಪರಿಣಾಮದ ಜ್ಯೇಷ್ಠತೆ, ಅಂದರೆ ಬಡ್ತಿಯ ಜೊತೆಗೇ ಮೇಲಿನ ಹುದ್ದೆಯ ಹಿರಿತನವೂ, ಸಿಗಬೇಕೆಂದು 2002ರಲ್ಲಿ ರಾಜ್ಯ ಕಾಯ್ದೆ ಮಾಡಿತು, ಬಿ.ಕೆ. ಪವಿತ್ರ ಪ್ರಕರಣದಲ್ಲಿ 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದರ ಸಂಬಂಧಿತ ವಿಧಿಗಳನ್ನು ಅಸಿಂಧುಗೊಳಿಸಿತು. ಪ್ರಾತಿನಿಧ್ಯದ ಅಂಕಿಅಂಶಗಳನ್ನು ಸಂಗ್ರಹಿಸಿ ರಾಜ್ಯ ಮತ್ತೊಂದು ಕಾಯ್ದೆ ತಂದಾಗ 2019ರ ಮೇ 10ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪಟ್ಟಿಗಳು ಬದಲಾದ ಆ ಅವಧಿಯಲ್ಲಿ ಒಂದೇ ಕೊಠಡಿಯಲ್ಲಿ ಕುಳಿತವರು ಪರಸ್ಪರ ಮಾತು ಬಿಟ್ಟದ್ದುಂಟು. ಎರಡೂ ಕಡೆಯವರಿಗೆ ತಮ್ಮದೇ ಆದ ನ್ಯಾಯದ ಪ್ರಶ್ನೆಯಿತ್ತು, ಮತ್ತು ಅದನ್ನು ತೀರ್ಮಾನಿಸುವ ಅಧಿಕಾರ ಶಾಸಕಾಂಗಕ್ಕೂ ನ್ಯಾಯಾಲಯಕ್ಕೂ ಇತ್ತೇ ಹೊರತು ಪಕ್ಕದ ಮೇಜಿನವರಿಗೆ ಇರಲಿಲ್ಲ. ನೀವು ಮಾಡಬೇಕಾದದ್ದು ಇಷ್ಟು: ತಾತ್ಕಾಲಿಕ ಪಟ್ಟಿ ಪ್ರಕಟವಾದ ದಿನವೇ ನಿಮ್ಮ ಜನ್ಮ ದಿನಾಂಕ, ಸೇರಿದ ದಿನಾಂಕ, ಆಯ್ಕೆ ಪಟ್ಟಿಯ ಕ್ರಮಾಂಕ ಮತ್ತು ಪ್ರವರ್ಗವನ್ನು ಪರಿಶೀಲಿಸಿ, ತಪ್ಪಿದ್ದರೆ ಆಕ್ಷೇಪಣೆಯ ಗಡುವಿನೊಳಗೆ ದಾಖಲೆ ಸಮೇತ ಬರೆಯಿರಿ. ಅಂತಿಮ ಪಟ್ಟಿ ಬಂದು ವರ್ಷಗಳಾದ ಮೇಲೆ ಎಚ್ಚೆತ್ತವರಿಗೆ ನ್ಯಾಯಾಲಯಗಳು ಸುಲಭವಾಗಿ ನೆರವಾಗುವುದಿಲ್ಲ.

ಎಂಟನೆಯ ಹೆಜ್ಜೆ: ಮೂಗರ್ಜಿ, ನೋಟಿಸ್, ವಿಚಾರಣೆ

ಹೆಸರಿಲ್ಲದ ಮೂಗರ್ಜಿ ಬಂದರೆ ಬರೆದವರು ಯಾರೆಂದು ಪತ್ತೆಮಾಡಲು ಹೊರಡಬೇಡಿ. ಆ ಹುಡುಕಾಟದಲ್ಲಿ ನಿರಪರಾಧಿಯೊಬ್ಬರ ಸ್ನೇಹ ಕಳೆದುಕೊಳ್ಳುತ್ತೀರಿ. ಅರ್ಜಿಯಲ್ಲಿ ಹೇಳಿದ ಕಡತಗಳನ್ನು ತೆಗೆದು, ದಿನಾಂಕವಾರು ಒಂದು ಹಾಳೆ ಸಿದ್ಧಪಡಿಸಿಟ್ಟುಕೊಳ್ಳಿ. ಕೇಳಿದಾಗ ಕೊಡಲು ಬರುತ್ತದೆ.

ಕಾರಣ ಕೇಳಿ ನೋಟಿಸ್ ಬಂದರೆ ಸಿಟ್ಟಿನಲ್ಲಿ ಅದೇ ದಿನ ಉತ್ತರಿಸಬೇಡಿ, ಗಡುವನ್ನು ಮೀರಿಸಲೂ ಬೇಡಿ. ದಾಖಲೆಗಳು ಬೇಕಿದ್ದರೆ ಅವುಗಳ ಪ್ರತಿಯನ್ನು ಕೋರಿ ಮೊದಲು ಪತ್ರ ಬರೆಯಿರಿ. ಉತ್ತರವನ್ನು ಆರೋಪಗಳ ಕ್ರಮದಲ್ಲೇ, ಕಂಡಿಕೆಗೆ ಕಂಡಿಕೆ ಹೊಂದುವಂತೆ ಬರೆಯಿರಿ. ಬೇರೆಯವರ ತಪ್ಪುಗಳನ್ನು ಎತ್ತಿಹೇಳುವುದರಿಂದ ನಿಮ್ಮ ವಾದ ದುರ್ಬಲವಾಗುತ್ತದೆ. 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ನಿಯಮ 11ರಂತೆ ಇಲಾಖಾ ವಿಚಾರಣೆ ನಡೆದರೆ, ಆರೋಪಗಳ ಪಟ್ಟಿಯನ್ನೂ ಸಾಕ್ಷಿಗಳ ಪಟ್ಟಿಯನ್ನೂ ನಿಮಗೆ ಕೊಡಬೇಕು, ಸಾಕ್ಷಿಗಳನ್ನು ಪಾಟೀ ಸವಾಲು ಮಾಡಲು ಅವಕಾಶವಿರಬೇಕು. ಅಮಾನತಾದವರು ತಿಳಿದಿರಬೇಕಾದ ತೀರ್ಪು ಅಜಯ್ ಕುಮಾರ್ ಚೌಧರಿ ಪ್ರಕರಣದ್ದು: ಮೂರು ತಿಂಗಳೊಳಗೆ ಆರೋಪಪಟ್ಟಿ ನೀಡದಿದ್ದರೆ ಅಮಾನತು ಆದೇಶವನ್ನು ಮುಂದುವರಿಸಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು.

ಲೈಂಗಿಕ ಕಿರುಕುಳವನ್ನು ಕಚೇರಿ ರಾಜಕೀಯದ ಭಾಗವೆಂದು ಸಹಿಸಿಕೊಳ್ಳಬಾರದು, ‘ಹೊಂದಿಕೊಂಡು ಹೋಗಿ’ ಎಂಬ ಸಲಹೆಯನ್ನು ಯಾರಿಂದಲೂ ಕೇಳಬಾರದು. 2013ರ ಕಾಯ್ದೆಯಂತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಚೇರಿಯಲ್ಲಿ ಹಿರಿಯ ಮಹಿಳಾ ಉದ್ಯೋಗಿಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ನೀಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಸಣ್ಣ ಕಚೇರಿಗಳವರಿಗೆ ಮತ್ತು ಆರೋಪ ಕಚೇರಿಯ ಮುಖ್ಯಸ್ಥರ ಮೇಲೇ ಇರುವವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಹೊರಗುತ್ತಿಗೆಯ ಮಹಿಳೆಯರಿಗೂ ಈ ರಕ್ಷಣೆ ಅನ್ವಯಿಸುತ್ತದೆ ಎಂಬುದನ್ನು ಅವರಿಗೆ ನೀವೇ ತಿಳಿಸಿ.

ಒಂಬತ್ತನೆಯ ಹೆಜ್ಜೆ: ವರ್ಗಾವಣೆ ಬಂದಾಗ

ಸಾರ್ವತ್ರಿಕ ವರ್ಗಾವಣೆಯ ದಿನಗಳಲ್ಲಿ ಕಚೇರಿಯ ಎಲ್ಲ ಗುಂಪುಗಾರಿಕೆ ಮೇಲೆದ್ದು ಬರುತ್ತದೆ. ಶಾಲಾ ಶಿಕ್ಷಕರಿಗೆ 2007ರಿಂದ ಕಾಯ್ದೆಯ ಆಧಾರದ ಮೇಲೆ ಕೌನ್ಸೆಲಿಂಗ್ ಮೂಲಕ ವರ್ಗಾವಣೆಯಾಗುವ ಪದ್ಧತಿ ಬಂದು ವಶೀಲಿಯ ಪಾತ್ರ ಎಷ್ಟೋ ಕಡಿಮೆಯಾಯಿತು. ಕಚೇರಿ ಸಿಬ್ಬಂದಿಗೂ ಅಂಥದೊಂದು ಪಾರದರ್ಶಕ ವ್ಯವಸ್ಥೆ ಎಲ್ಲ ಇಲಾಖೆಗಳಲ್ಲೂ ಬರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅದು ಬರುವವರೆಗೆ, ಆ ವರ್ಷದ ಮಾರ್ಗಸೂಚಿಯನ್ನು ಓದಿ, ಪತಿ-ಪತ್ನಿ ಪ್ರಕರಣ, ಅನಾರೋಗ್ಯ, ಅಂಗವಿಕಲತೆಯಂಥ ವಿನಾಯಿತಿಗಳಲ್ಲಿ ನಿಮಗೆ ಅನ್ವಯವಾಗುವುದಿದ್ದರೆ ದಾಖಲೆಗಳೊಂದಿಗೆ ಮುಂಚಿತವಾಗಿಯೇ ಅರ್ಜಿ ಕೊಡಿ.

ಅವಧಿಪೂರ್ವವಾಗಿ, ಕಾರಣವಿಲ್ಲದೆ ವರ್ಗಾವಣೆಯಾದರೆ ಮೊದಲು ಸಕ್ಷಮ ಪ್ರಾಧಿಕಾರಕ್ಕೆ ಮನವಿ, ಬಳಿಕ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. 1986ರಲ್ಲಿ ಪ್ರಾರಂಭವಾದ ಈ ಮಂಡಳಿಗೆ ಬೆಂಗಳೂರಿನ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು; ಇಲಾಖೆಗೆ ಕೊಟ್ಟ ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಅದಕ್ಕಾಗಿ ಕಾಯುತ್ತಾ ಕೂರದೆ, ಆ ನಂತರದ ಒಂದು ವರ್ಷದೊಳಗೆ ಮಂಡಳಿಗೆ ಹೋಗಬಹುದು. ಮೊಕದ್ದಮೆ ಹೂಡುವ ಮೊದಲು ಒಂದು ಸಂಗತಿ ಯೋಚಿಸಿ: ತಡೆಯಾಜ್ಞೆ ತಂದು ಅದೇ ಕಚೇರಿಯಲ್ಲಿ ಅದೇ ಅಧಿಕಾರಿಯ ಕೈಕೆಳಗೆ ಉಳಿಯುವುದು ನಿಮಗೆ ನಿಜವಾಗಿ ಬೇಕೇ? ಬಡ್ತಿ, ಜ್ಯೇಷ್ಠತೆ, ದಂಡನೆಯ ವಿಚಾರಗಳಲ್ಲಿ ಹೋರಾಡಿ. ಬರೀ ಜಾಗದ ವಿಚಾರದಲ್ಲಿ ಹೊಸ ಊರಿಗೆ ಹೋಗುವುದು ಎಷ್ಟೋ ಸಲ ಹೆಚ್ಚು ನೆಮ್ಮದಿಯ ದಾರಿ.

ಹೊರಡುವಾಗ, ಬರುವಾಗ ಕೇಳಿ ಪಡೆದಂಥ ಪಟ್ಟಿಯನ್ನೇ ನಿಮ್ಮ ನಂತರದವರಿಗೆ ಸಿದ್ಧಪಡಿಸಿ ಕೊಡಿ: ಚಾಲ್ತಿ ಕಡತಗಳು, ನ್ಯಾಯಾಲಯದ ಗಡುವಿರುವ ಪ್ರಕರಣಗಳು, ಬಾಕಿ ಲೆಕ್ಕಪರಿಶೋಧನಾ ಕಂಡಿಕೆಗಳು, ಯಾವ ಕಡತ ಯಾವ ಶಾಖೆಯಲ್ಲಿದೆ ಎಂಬ ವಿವರ. ಲಾಗಿನ್‌ಗಳನ್ನು ನಿಷ್ಕ್ರಿಯಗೊಳಿಸಲು ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಪ್ರಭಾರ ಹಸ್ತಾಂತರದ ಪ್ರಮಾಣಪತ್ರಕ್ಕೆ ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ಕಚೇರಿಗೆ ಸಲ್ಲಿಸಿ, ಇನ್ನೊಂದನ್ನು ನಿಮ್ಮ ಬಳಿ ಮನೆಯಲ್ಲಿಟ್ಟುಕೊಳ್ಳಿ. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು ವರ್ಷಗಳ ನಂತರವೂ ಬರುತ್ತವೆ, ಆಗ ಹಳೆಯ ಕಚೇರಿಯಲ್ಲಿ ಆ ಪ್ರತಿ ಸಿಗುತ್ತದೆಂಬ ಖಾತ್ರಿಯಿಲ್ಲ.